ತಾನೇ ನುಡಿಯುವ ಕಾಲುತಿದಿ ಆರ್ಗನ್: ದುರಸ್ತಿಯೋ, ಮಾರಾಟವೋ?

ಭಜನಾ ಮಂದಿರದಿಂದ ಹಿಡಿದು ಕಂಪನಿ ನಾಟಕದ ರಂಗದವರೆಗೆ ಕನ್ನಡಿಗರ ಕಿವಿಗೆ ಹಾರ್ಮೋನಿಯಂ ನಾದ ಚಿರಪರಿಚಿತ. ಅದರ ಹತ್ತಿರದ ಬಂಧುವೊಂದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕ ಮತ್ತು ಇಂಗ್ಲೆಂಡಿನ ಸಿರಿವಂತರ ದಿವಾನಖಾನೆಗಳಲ್ಲಿ ಮೆರೆದಿತ್ತು. ನುಡಿಸುವವನಿಗೆ ಸ್ವರಜ್ಞಾನ ಬೇಕಿರಲಿಲ್ಲ. ರಂಧ್ರಗಳಿರುವ ಕಾಗದದ ಸುರುಳಿಯೊಂದನ್ನು ಒಳಗಿಟ್ಟು ಕಾಲಿನಿಂದ ತಿದಿ ಒತ್ತಿದರೆ ಸಾಕು, ವಾದ್ಯ ತಾನೇ ನುಡಿಯುತ್ತಿತ್ತು. ಇದೇ ಸ್ವಯಂವಾದಕ ಕಾಲುತಿದಿ ಆರ್ಗನ್, ಅಂದರೆ ಪ್ಲೇಯರ್ ಪಂಪ್ ಆರ್ಗನ್.

ಈ ವಾದ್ಯಗಳ ತಯಾರಿಕೆ ನಿಂತು ತಲೆಮಾರುಗಳೇ ಕಳೆದಿವೆ. ಉಳಿದಿರುವವು ಅಜ್ಜ ಅಜ್ಜಿಯರ ಮನೆಯ ಮೂಲೆಗಳಲ್ಲಿ, ಚರ್ಚುಗಳ ಉಗ್ರಾಣಗಳಲ್ಲಿ, ಹಳೆಯ ಸಾಮಾನಿನ ಹರಾಜು ಕೋಣೆಗಳಲ್ಲಿ ಮೌನವಾಗಿ ನಿಂತಿವೆ. ವಾರಸುದಾರರ ಮುಂದಿರುವ ಪ್ರಶ್ನೆ ಒಂದೇ: ದುರಸ್ತಿ ಮಾಡಿಸುವುದೋ, ಮಾರಿಬಿಡುವುದೋ? ಉತ್ತರ ಏನೇ ಇರಲಿ, ಅವಸರದ ಒಂದು ವಾರದ ಕೆಲಸ ನೂರು ವರ್ಷ ಬಾಳಿದ ವಾದ್ಯವನ್ನು ಶಾಶ್ವತವಾಗಿ ಮೂಕವಾಗಿಸಬಲ್ಲದು. ಮತ್ತೆ ಬಿಚ್ಚಲು ಬಾರದ ಕೆಲಸವನ್ನು ಮಾಡಬಾರದು ಎಂಬುದೇ ಈ ಕ್ಷೇತ್ರದ ಮೊದಲ ಪಾಠ.

ಹಾರ್ಮೋನಿಯಂನ ಬಂಧು

ತೆಳುವಾದ ಹಿತ್ತಾಳೆಯ ನಾಲಿಗೆಯೊಂದು ಗಾಳಿಯ ಸೆಳೆತಕ್ಕೆ ಕಂಪಿಸಿ ಸ್ವರ ಹೊರಡಿಸುವುದು ಈ ಇಡೀ ವಾದ್ಯಕುಟುಂಬದ ಮೂಲತತ್ತ್ವ. ಈ ನಾಲಿಗೆಯನ್ನು ವಾದ್ಯಗಾರರು ರೀಡ್ ಎನ್ನುತ್ತಾರೆ. ಪ್ಯಾರಿಸ್‌ನ ಅಲೆಕ್ಸಾಂಡರ್ ದೆಬೈನ್ 1842ರಲ್ಲಿ ಹಾರ್ಮೋನಿಯಂ ಹೆಸರಿನಲ್ಲಿ ಹಕ್ಕುಪತ್ರ ಪಡೆದ ವಾದ್ಯ ಕಾಲಿನಿಂದ ತಿದಿ ಒತ್ತುವಂಥದ್ದಾಗಿತ್ತು. ಅದನ್ನು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿ ಒತ್ತುವ ಪೆಟ್ಟಿಗೆಯಾಗಿ ಮಾರ್ಪಡಿಸಿದ ಶ್ರೇಯಸ್ಸು ಕೋಲ್ಕತದ ದ್ವಾರಕಾನಾಥ ಘೋಷ್ ಅವರಿಗೆ ಸಲ್ಲುತ್ತದೆ. ಹಾಗಿದ್ದರೂ ಕರ್ನಾಟಕದ ವೃತ್ತಿ ರಂಗಭೂಮಿಯಲ್ಲಿ ಲೆಗ್ ಹಾರ್ಮೋನಿಯಂ ಬಹುಕಾಲ ಉಳಿಯಿತು. ಎರಡೂ ಕೈಗಳು ಬಿಡುವಾಗಿರುತ್ತಿದ್ದುದರಿಂದ ನಾಟಕದ ಮೇಷ್ಟ್ರುಗಳಿಗೆ ಅದು ಅನುಕೂಲವಾಗಿತ್ತು.

ಅಮೆರಿಕದ ತಯಾರಕರು ಬೇರೊಂದು ದಾರಿ ಹಿಡಿದರು. ನಮ್ಮ ಹಾರ್ಮೋನಿಯಂನಲ್ಲಿ ತಿದಿ ಗಾಳಿಯನ್ನು ರೀಡ್‌ಗಳ ಮೂಲಕ ಹೊರಕ್ಕೆ ತಳ್ಳುತ್ತದೆ. ಅಮೆರಿಕದ ಬಹುತೇಕ ಆರ್ಗನ್‌ಗಳಲ್ಲಿ ತಿದಿ ಗಾಳಿಯನ್ನು ಒಳಕ್ಕೆ ಹೀರುತ್ತದೆ. ಇದರಿಂದ ನಾದ ಮೃದುವಾಗುತ್ತದೆ ಎಂಬುದು ಅನುಭವಿಗಳ ಮಾತು. ಬಾಸ್ಟನ್‌ನ ಮೇಸನ್ ಅಂಡ್ ಹ್ಯಾಮ್ಲಿನ್, ವರ್ಮಾಂಟ್ ರಾಜ್ಯದ ಬ್ರಾಟಲ್‌ಬರೋ ಊರಿನ ಎಸ್ಟಿ ಮುಂತಾದ ಕಂಪನಿಗಳು ಈ ವಾದ್ಯಗಳನ್ನು ಮನೆಮನೆಗೆ ತಲುಪಿಸಿದವು. 1960ರಲ್ಲಿ ಬಾಗಿಲು ಮುಚ್ಚಿದ ಎಸ್ಟಿ ಕಂಪನಿಯೊಂದೇ ತಯಾರಿಸಿದ ರೀಡ್ ಆರ್ಗನ್‌ಗಳ ಸಂಖ್ಯೆ 5 ಲಕ್ಷಕ್ಕೂ ಹೆಚ್ಚು.

ಇದಕ್ಕೆ ಕಾಗದದ ಸುರುಳಿಯನ್ನು ಜೋಡಿಸಿದ್ದು ಮುಂದಿನ ಹೆಜ್ಜೆ. 1878ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ಮೆಕ್ಯಾನಿಕಲ್ ಆರ್ಗಿನೆಟ್ ಕಂಪನಿ ಕೈಯಿಂದ ತಿರುಗಿಸುವ ಪುಟ್ಟ ಸುರುಳಿವಾದ್ಯಗಳನ್ನು ಮಾರುತ್ತಿತ್ತು. ಅದೇ ಬೆಳೆದು ಈಯೋಲಿಯನ್ ಕಂಪನಿಯಾಯಿತು. ಅದರ ‘ಆರ್ಕೆಸ್ಟ್ರೆಲ್’ ಈ ಜಾತಿಯ ವಾದ್ಯಗಳಲ್ಲಿ ಅತ್ಯಂತ ಭವ್ಯವಾದುದು. ಕಂಪನಿಯ ಬ್ರಿಟನ್ ಶಾಖೆಯ ಹೆಸರೇ ಆರ್ಕೆಸ್ಟ್ರೆಲ್ ಕಂಪನಿ ಎಂದಿತ್ತು ಎಂದರೆ ಆ ವಾದ್ಯದ ಪ್ರತಿಷ್ಠೆಯನ್ನು ಊಹಿಸಬಹುದು. ಕನೆಕ್ಟಿಕಟ್ ರಾಜ್ಯದ ಮೆರಿಡನ್‌ನಲ್ಲಿದ್ದ ವಿಲ್ಕಾಕ್ಸ್ ಅಂಡ್ ವೈಟ್ ಕಂಪನಿಯ ‘ಸಿಂಫನಿ’ ಮತ್ತೊಂದು ಹೆಸರಾಂತ ಮಾದರಿ. ಬಳಿಕ ಸ್ವಯಂವಾದಕ ಪಿಯಾನೊ, ಗ್ರಾಮಫೋನ್ ಮತ್ತು ರೇಡಿಯೊ ಒಂದರ ಹಿಂದೊಂದರಂತೆ ಬಂದವು. ಆರ್ಗನ್‌ಗಳು ಹಿಂದಕ್ಕೆ ಸರಿದವು.

ನುಡಿಯುವುದು ಹೇಗೆ?

ಈ ವಾದ್ಯದಲ್ಲಿ ವಿದ್ಯುತ್ತಿಲ್ಲ. ಎಲ್ಲವೂ ಗಾಳಿಯ ಆಟ. ಕಾಲಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದರಂತೆ ತುಳಿದಾಗ ಒಳಗಿನ ತಿದಿಗಳು ದೊಡ್ಡ ಗಾಳಿಕೋಶವೊಂದರಿಂದ ಗಾಳಿಯನ್ನು ಹೀರಿ ಹೊರಹಾಕುತ್ತವೆ. ಕಾಗದದ ಸುರುಳಿ ಹಿತ್ತಾಳೆ ಅಥವಾ ಮರದ ಒಂದು ಪಟ್ಟಿಯ ಮೇಲೆ ಜಾರುತ್ತದೆ. ಆ ಪಟ್ಟಿಯಲ್ಲಿ ಪ್ರತಿ ಸ್ವರಕ್ಕೂ ಒಂದು ರಂಧ್ರವಿದೆ.

ಕಾಗದದ ರಂಧ್ರ ಪಟ್ಟಿಯ ರಂಧ್ರದ ಮೇಲೆ ಬಂದ ಕ್ಷಣ ಹೊರಗಿನ ಗಾಳಿ ಸಣ್ಣ ಕೊಳವೆಯೊಳಕ್ಕೆ ನುಗ್ಗುತ್ತದೆ. ಕೊಳವೆಯ ತುದಿಯಲ್ಲಿರುವ ತೆಳು ತೊಗಲಿನ ಚೀಲ ಉಬ್ಬಿ ಒಂದು ಕವಾಟವನ್ನು ಎತ್ತುತ್ತದೆ. ಕವಾಟ ತೆರೆದೊಡನೆ ಬೆಂಕಿಪೊಟ್ಟಣದಂತಹ ಪುಟ್ಟ ತಿದಿಯೊಂದು ಕುಗ್ಗಿ ರೀಡ್‌ನ ಮುಚ್ಚಳವನ್ನು ತೆರೆಯುತ್ತದೆ. ಸ್ವರ ಹೊರಡುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುತ್ತದೆ. ಸುರುಳಿಯನ್ನು ಎಳೆಯುವ ಮೋಟಾರು ಕೂಡ ಗಾಳಿಯಿಂದಲೇ ತಿರುಗುತ್ತದೆ. ಕೆಲವು ದೊಡ್ಡ ಮಾದರಿಗಳು ಹೀರುವ ಗಾಳಿಯ ಬದಲು ಒತ್ತುವ ಗಾಳಿಯಿಂದ ನಡೆಯುತ್ತವೆ. ಆದಕಾರಣ ದುರಸ್ತಿಗೆ ಮೊದಲು ಗಾಳಿಯ ದಿಕ್ಕನ್ನು ತಿಳಿದುಕೊಳ್ಳಬೇಕು.

ಹಾಗೆಂದು ನುಡಿಸುವವನು ಬರೀ ತುಳಿಯುವ ಕೂಲಿಯಾಳಲ್ಲ. ಯಾವ ನಾದದ ಗುಂಡಿಯನ್ನು ಎಳೆಯಬೇಕು, ಲಯವನ್ನು ಎಲ್ಲಿ ನಿಧಾನಿಸಬೇಕು, ಧ್ವನಿಯನ್ನು ಯಾವಾಗ ಏರಿಸಬೇಕು ಎಂಬುದೆಲ್ಲ ಅವನ ಕೈಯಲ್ಲಿತ್ತು. ಅನೇಕ ಸುರುಳಿಗಳ ಮೇಲೆ ಈ ಸೂಚನೆಗಳನ್ನು ಮುದ್ರಿಸಲಾಗುತ್ತಿತ್ತು. ಸ್ವರ ಕಾಗದದ್ದು, ಭಾವ ಮನುಷ್ಯನದ್ದು.

ಮಾರ್ಕ್ ಟ್ವೇನ್ ಮನೆಯ ಆರ್ಗನ್

ಈ ವಾದ್ಯಗಳು ಜನರ ಬದುಕಿನಲ್ಲಿ ಎಂತಹ ಸ್ಥಾನ ಪಡೆದಿದ್ದವು ಎಂಬುದಕ್ಕೆ ಅಮೆರಿಕದ ಹೆಸರಾಂತ ಲೇಖಕ ಮಾರ್ಕ್ ಟ್ವೇನ್ ಅವರ ಮನೆಯೇ ಸಾಕ್ಷಿ. 1904ರಲ್ಲಿ ಪತ್ನಿ ಒಲಿವಿಯಾ ನಿಧನರಾದರು. ಆ ಬಳಿಕ ನ್ಯೂಯಾರ್ಕ್‌ನ ಮನೆಗೆ ಬಂದ ಟ್ವೇನ್ ಅವರಿಗೆ ಆರ್ಕೆಸ್ಟ್ರೆಲ್ ಸಾಂತ್ವನದ ಸಂಗಾತಿಯಾಯಿತು. ಮುಂದೆ ಅದು ಅವರೊಂದಿಗೆ ಕನೆಕ್ಟಿಕಟ್‌ನ ರೆಡಿಂಗ್‌ನಲ್ಲಿದ್ದ ಮನೆಗೂ ಹೋಯಿತು.

1909ರ ಡಿಸೆಂಬರ್ 24ರಂದು ಕಿರಿಯ ಮಗಳು ಜೀನ್ ಆ ಮನೆಯಲ್ಲಿಯೇ ತೀರಿಕೊಂಡರು. ಮರುದಿನ ಸಂಜೆ ಶವಪೆಟ್ಟಿಗೆ ಮನೆಯಿಂದ ಹೊರಟಾಗ, ತಂದೆಯ ಕೋರಿಕೆಯಂತೆ ಅವರ ಜೀವನಚರಿತ್ರೆಕಾರ ಆಲ್ಬರ್ಟ್ ಬಿಗೆಲೊ ಪೇನ್ ಆರ್ಕೆಸ್ಟ್ರೆಲ್ ನುಡಿಸಿದರು. ಜೀನ್‌ಗೆ ಪ್ರಿಯವಾಗಿದ್ದ ಶೂಬರ್ಟ್ ಅವರ ಕೃತಿ ಮೊದಲು. ಅನಂತರ ಅದಾಗಲೇ ಅಗಲಿದ್ದ ಹಿರಿಯ ಮಗಳು ಸೂಸಿಯ ಹೆಸರಿನಲ್ಲೊಂದು, ಪತ್ನಿಯ ಹೆಸರಿನಲ್ಲೊಂದು. ಇದನ್ನು ಟ್ವೇನ್ ಸ್ವತಃ ಬರೆದಿಟ್ಟಿದ್ದಾರೆ. ಆ ವಾದ್ಯ ಇಂದು ಅವರ ಬಾಲ್ಯದ ಊರಾದ ಮಿಸೌರಿಯ ಹ್ಯಾನಿಬಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಹೀಗೆ ಉಳಿದುಕೊಳ್ಳುವ ಭಾಗ್ಯ ಎಲ್ಲ ವಾದ್ಯಗಳಿಗಿಲ್ಲ.

ಮೊದಲು ಗುರುತಿಸಿ

ಹಳೆಯ ಆರ್ಗನ್ ಕಂಡೊಡನೆ ಜೋರಾಗಿ ತುಳಿದು ನೋಡುವುದು ಸಹಜವಾದ ಆಸೆ. ಅದು ಸಲ್ಲದು. ಒಣಗಿ ಬಿರುಸಾದ ತಿದಿಯ ಬಟ್ಟೆ ಹರಿದುಹೋಗಬಹುದು, ಇಲಿ ಬಿಟ್ಟುಹೋದ ಕಸ ರೀಡ್‌ಗಳೊಳಕ್ಕೆ ಸೇರಬಹುದು. ಹಿಂಬದಿಯ ಹಲಗೆಯನ್ನು ತೆಗೆದು ದೀಪ ಹಿಡಿದು ನೋಡುವುದು ಉತ್ತಮ. ಇಲಿಯ ಗೂಡು, ಕೊರೆಹುಳುವಿನ ಮರದ ಪುಡಿ, ಹುಳು ತಿಂದ ಉಣ್ಣೆಬಟ್ಟೆ, ತೇವದ ಕಲೆ, ಬಿರುಕು ಬಿಟ್ಟ ಹಲಗೆ ಇವು ಮೊದಲು ಗಮನಿಸಬೇಕಾದ ಅಂಶಗಳು.

ಅನಂತರ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆಗಳನ್ನು ಬರೆದುಕೊಳ್ಳಬೇಕು. ಅನೇಕ ಕಂಪನಿಗಳ ಕ್ರಮಸಂಖ್ಯೆಯಿಂದ ತಯಾರಾದ ವರ್ಷವನ್ನು ಅಂದಾಜು ಮಾಡಬಹುದು. ರಾಬರ್ಟ್ ಗೆಲ್ಲರ್‌ಮನ್ ಅವರ ರೀಡ್ ಆರ್ಗನ್ ಕುರಿತ ಗ್ರಂಥಗಳು ಇದಕ್ಕೆ ನೆರವಾಗುತ್ತವೆ. 1981ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ರೀಡ್ ಆರ್ಗನ್ ಸೊಸೈಟಿ ಉಳಿದಿರುವ ವಾದ್ಯಗಳ ದಾಖಲೆಯನ್ನು ಸಂಗ್ರಹಿಸುತ್ತ ಬಂದಿದೆ. ಸ್ವಯಂವಾದ್ಯ ಸಂಗ್ರಹಕಾರರ ಸಂಘವಾದ ಆಮಿಕಾ 1963ರಲ್ಲಿ ಆರಂಭವಾಯಿತು. ಅದೇ ವರ್ಷ ಲಂಡನ್ನಿನ ಬ್ರೆಂಟ್‌ಫರ್ಡ್‌ನಲ್ಲಿ ಮ್ಯೂಸಿಕಲ್ ಮ್ಯೂಸಿಯಂ ಸ್ಥಾಪನೆಯಾಯಿತು.

ಗುರುತಿಸುವುದರಲ್ಲಿಯೇ ನಿರ್ಧಾರದ ಅರ್ಧಭಾಗ ಅಡಗಿದೆ. ವಾದ್ಯ ಸಾಮಾನ್ಯ ಮಾದರಿಯದೋ ಅಪರೂಪದ್ದೋ, ಅದರ ಅಂಗಾಂಗಗಳು ಸಂಪೂರ್ಣವಾಗಿವೆಯೋ, ಹಿಂದೆ ಯಾರಾದರೂ ಕೈಯಾಡಿಸಿದ್ದಾರೋ ಎಂಬುದು ತಿಳಿದ ಮೇಲಷ್ಟೇ ಹಣ ಖರ್ಚು ಮಾಡುವ ಮಾತು.

ದುರಸ್ತಿಯ ಹಾದಿ

ಬಿಚ್ಚುವ ಮುನ್ನ ಪ್ರತಿ ಹಂತದ ಛಾಯಾಚಿತ್ರ ತೆಗೆಯಬೇಕು. ಪ್ರತಿ ಕೊಳವೆ, ತಿರುಪು, ಸ್ಪ್ರಿಂಗ್‌ಗಳಿಗೂ ಸಂಖ್ಯೆ ಕೊಡಬೇಕು. ನೂರಾರು ಬಿಡಿಭಾಗಗಳ ಈ ಯಂತ್ರದಲ್ಲಿ ನೆನಪಿನ ಮೇಲೆ ಭರವಸೆ ಇಡುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಅಂಟು. ಮೂಲ ತಯಾರಕರು ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆದ ಅಂಟನ್ನು ಬಿಸಿ ಮಾಡಿ ಬಳಸಿದ್ದರು. ಶಾಖ ಮತ್ತು ತೇವ ತಗುಲಿಸಿದರೆ ಅದು ಬಿಡುತ್ತದೆ. ಹಾಗಾಗಿಯೇ ನೂರು ವರ್ಷಗಳ ಬಳಿಕವೂ ಹಳೆಯ ಬಟ್ಟೆಯನ್ನು ಕಿತ್ತು ಹೊಸದನ್ನು ಹಾಕಲು ಸಾಧ್ಯ. ಈಗಿನ ಬಿಳಿ ಅಂಟು ಮರದ ರಂಧ್ರಗಳೊಳಕ್ಕೆ ಇಳಿದು ಗಟ್ಟಿಯಾಗುತ್ತದೆ. ಮುಂದೆ ಅದನ್ನು ತೆಗೆಯಬೇಕಾದರೆ ಮರವನ್ನೇ ಕೆತ್ತಬೇಕು. ಸಿಲಿಕಾನ್ ಮತ್ತು ಅಂಟುಪಟ್ಟಿಗಳ ಕಥೆಯೂ ಇದೇ. ದುಡ್ಡು ಉಳಿಸಲು ಹೋಗಿ ಇವುಗಳಿಂದ ತೇಪೆ ಹಾಕಿದ ವಾದ್ಯಗಳನ್ನು ನುರಿತ ಕುಶಲಕರ್ಮಿಗಳು ಮುಟ್ಟಲೂ ಹಿಂಜರಿಯುತ್ತಾರೆ.

ತಿದಿಯ ರಬ್ಬರು ಲೇಪಿತ ಬಟ್ಟೆ ಕಾಲಕ್ರಮದಲ್ಲಿ ಬಿರುಕು ಬಿಡುವುದು ಖಚಿತ. ಅದನ್ನು ಪೂರ್ತಿಯಾಗಿ ಬದಲಿಸುವುದೇ ಸರಿ. ಸುರುಳಿ ಓದುವ ಭಾಗದ ಪುಟ್ಟ ತಿದಿಗಳು, ತೊಗಲಿನ ಚೀಲಗಳು, ಕವಾಟದ ತೊಗಲು, ಗಟ್ಟಿಯಾದ ರಬ್ಬರು ಕೊಳವೆಗಳು ಎಲ್ಲವನ್ನೂ ಒಟ್ಟಿಗೇ ಹೊಸದಾಗಿಸಬೇಕು. ಅರ್ಧ ಮಾತ್ರ ಬದಲಿಸಿದರೆ ಉಳಿದರ್ಧ ಒಂದೊಂದಾಗಿ ಕೈಕೊಡುತ್ತದೆ. ಕೆಲವು ವಾದ್ಯಗಳಲ್ಲಿ ಸೀಸದ ಕೊಳವೆಗಳಿದ್ದು, ಅವುಗಳ ಮೇಲೆ ಬಿಳಿ ಪುಡಿ ಕಟ್ಟಿರುತ್ತದೆ. ಅದು ವಿಷಕಾರಿ. ಕೈಗವಸು ಮತ್ತು ಮುಖಗವಸು ಇಲ್ಲದೆ ಮುಟ್ಟಬಾರದು, ಬಾಯಿಂದ ಊದಲೇಬಾರದು.

ರೀಡ್‌ಗಳು ವಾದ್ಯದ ಜೀವ. ಇವನ್ನು ಕೊಕ್ಕೆಯಂತಹ ವಿಶೇಷ ಸಲಕರಣೆಯಿಂದ ಒಂದೊಂದಾಗಿ ಹೊರತೆಗೆದು, ಅದೇ ಕ್ರಮದಲ್ಲಿ ಜೋಡಿಸಿಟ್ಟು ಮೆತ್ತನೆಯ ಕುಂಚದಿಂದ ಸ್ವಚ್ಛಗೊಳಿಸಬೇಕು. ಮೂಕವಾದ ಬಹಳಷ್ಟು ರೀಡ್‌ಗಳಿಗೆ ಬೇರೆ ರೋಗವಿಲ್ಲ, ಒಂದು ಕಣ ಧೂಳು ಮಾತ್ರ. ನಾಲಿಗೆಯ ತುದಿಯಲ್ಲಿ ಲೋಹ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಮ್ಮೆ ಕೆರೆದ ಲೋಹ ಮತ್ತೆ ಬರುವುದಿಲ್ಲ. ನಾಲಿಗೆಗೆ ತಯಾರಕರು ಕೊಟ್ಟ ಸೂಕ್ಷ್ಮ ಬಾಗು ನಾದದ ಗುಣವನ್ನು ನಿರ್ಧರಿಸುವುದರಿಂದ ಅದನ್ನು ನೇರ ಮಾಡಬಾರದು. ಸೆಕೆಂಡಿಗೆ 440 ಕಂಪನಗಳ ಅಂತಾರಾಷ್ಟ್ರೀಯ ಶ್ರುತಿಗೆ ಒಪ್ಪಿಗೆ ಸಿಕ್ಕಿದ್ದು 1939ರಲ್ಲಿ. ಅದಕ್ಕೆ ಮುಂಚಿನ ವಾದ್ಯಗಳ ಶ್ರುತಿ ಬೇರೆಯಾಗಿರಬಹುದು. ವಾದ್ಯ ತನ್ನೊಳಗೆ ತಾನು ಹೊಂದಿಕೊಂಡಿದ್ದರೆ ಇಂದಿನ ಶ್ರುತಿಗಾಗಿ ನೂರಾರು ರೀಡ್‌ಗಳನ್ನು ಕೆರೆಯುವ ಅಗತ್ಯವಿಲ್ಲ.

ನಮ್ಮ ಹಾರ್ಮೋನಿಯಂ ರಿಪೇರಿಗಾರರಿಗೆ ರೀಡ್ ಶುಚಿಗೊಳಿಸುವುದು, ಶ್ರುತಿ ಮಾಡುವುದು ಕರತಲಾಮಲಕ. ಆದರೆ ಸುರುಳಿ ಓದುವ ಗಾಳಿಯಂತ್ರ ಬೇರೆಯದೇ ವಿದ್ಯೆ. ಪ್ಲೇಯರ್ ಪಿಯಾನೊ ಕೆಲಸ ಬಲ್ಲವರಿಗೆ ಅದು ಹತ್ತಿರದ್ದು.

ಜೋಡಿಸಿದ ಮೇಲೆ ಸೋರಿಕೆಯ ಪರೀಕ್ಷೆ. ಎಲ್ಲ ರಂಧ್ರಗಳನ್ನೂ ಮುಚ್ಚಿ, ಗಾಳಿಕೋಶ ಪೂರ್ತಿ ಕುಗ್ಗುವವರೆಗೆ ತುಳಿದು ಬಿಡಬೇಕು. ಅದು ನಿಧಾನವಾಗಿ ಅರಳಿದರೆ ಕೆಲಸ ಚೆನ್ನಾಗಿದೆ ಎಂದರ್ಥ. ಕೆಲವೇ ಕ್ಷಣಗಳಲ್ಲಿ ಅರಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ತುಳಿಯಲಾರದವರು ವಿದ್ಯುತ್ ಪಂಪು ಹಾಕಿಸುವುದುಂಟು. ಮೂಲ ಮರವನ್ನು ಕೊರೆಯದೆ, ಕಾಲಿನ ತಿದಿಯನ್ನು ಕೀಳದೆ, ಮಿತವಾದ ಬಲದ ಪಂಪು ಹಾಕಿಸಿದರೆ ಬಾಧಕವಿಲ್ಲ. ಅತಿಯಾದ ಬಲ ಹೊಸ ತೊಗಲನ್ನೂ ಹರಿಯುತ್ತದೆ.

ಹೊರಗಿನ ಮರದ ಹಳೆಯ ಪಾಲಿಶನ್ನು ಕೆರೆದು ಹೊಳೆಯುವ ವಾರ್ನಿಷ್ ಬಳಿಯುವುದು ಸಾಮಾನ್ಯವಾಗಿ ಕಾಣುವ ಪ್ರಮಾದ. ಹಳೆಯ ಲೇಪವೂ ಇತಿಹಾಸದ ಒಂದು ಭಾಗ. ಎಚ್ಚರಿಕೆಯಿಂದ ಕೊಳೆ ತೆಗೆದರೆ ಬಹಳಷ್ಟು ಬಾರಿ ಅಷ್ಟೇ ಸಾಕಾಗುತ್ತದೆ.

ಸುರುಳಿಗಳಿಲ್ಲದಿದ್ದರೆ?

ಸುರುಳಿಯಿಲ್ಲದ ಸ್ವಯಂವಾದಕ ಆರ್ಗನ್ ಸಾಮಾನ್ಯ ಆರ್ಗನ್ ಆಗಿಬಿಡುತ್ತದೆ. ಎಲ್ಲ ಸುರುಳಿಗಳೂ ಎಲ್ಲ ವಾದ್ಯಗಳಿಗೆ ಹೊಂದುವುದಿಲ್ಲ. ಈಯೋಲಿಯನ್ ಕಂಪನಿಯದೇ 46 ಸ್ವರಗಳ ಮತ್ತು 58 ಸ್ವರಗಳ ಸುರುಳಿಗಳು ಬೇರೆಬೇರೆ. 1908ರಲ್ಲಿ ಬಫೆಲೋ ನಗರದಲ್ಲಿ ಸೇರಿದ ತಯಾರಕರು ಪಿಯಾನೊ ಸುರುಳಿಗಳಿಗೆ 65 ಮತ್ತು 88 ಸ್ವರಗಳ ಏಕರೂಪದ ಅಳತೆಯನ್ನು ನಿಗದಿಪಡಿಸಿದರು. ಹಳೆಯ ಆರ್ಗನ್ ಸುರುಳಿಗಳು ಅದರ ಹೊರಗೇ ಉಳಿದವು.

ಕಾಗದ ಹಳದಿಗಟ್ಟಿ ಅಂಚುಗಳು ಮುರಿಯುವಂತಾಗಿದ್ದರೆ ಅದನ್ನು ಓಡಿಸದೆ ಮೊದಲು ಸ್ಕ್ಯಾನ್ ಮಾಡಿಸುವುದು ಜಾಣತನ. ರಂಧ್ರಗಳ ವಿನ್ಯಾಸ ಗಣಕದಲ್ಲಿ ಉಳಿದರೆ ಹೊಸ ಕಾಗದದಲ್ಲಿ ಮತ್ತೆ ಕೊರೆಯಬಹುದು. ಪುನಃ ಸಿಗದ ಸಂಗೀತ ಎಷ್ಟೋ ಬಾರಿ ಈ ಸುರುಳಿಗಳಲ್ಲಿಯೇ ಉಳಿದಿರುತ್ತದೆ.

ಮಾರುವುದಾದರೆ

ಕಹಿಯಾದರೂ ಸತ್ಯ: ಹಳೆಯದೆಲ್ಲ ಬೆಲೆಬಾಳುವುದಲ್ಲ. ಲಕ್ಷಗಟ್ಟಲೆ ತಯಾರಾದ ಸಾಮಾನ್ಯ ಕಾಲುತಿದಿ ಆರ್ಗನ್‌ಗಳನ್ನು ಅಮೆರಿಕದಲ್ಲಿ ಹೊತ್ತುಕೊಂಡು ಹೋಗುವವರಿಗೆ ಉಚಿತವಾಗಿ ಕೊಡುವುದೂ ಇದೆ. ಸ್ವಯಂವಾದಕ ಮಾದರಿಗಳು ಸಂಖ್ಯೆಯಲ್ಲಿ ಕಡಿಮೆಯಾದ್ದರಿಂದ ಅವುಗಳಿಗೆ ಬೇಡಿಕೆಯಿದೆ. ಆದರೆ ಕೊಳ್ಳುವವರೂ ಕಡಿಮೆ. ಭಾರ, ಗಾತ್ರ, ಸಾಗಣೆಯ ವೆಚ್ಚ ಇವು ಎಂತಹ ಆಸಕ್ತನನ್ನೂ ಯೋಚಿಸುವಂತೆ ಮಾಡುತ್ತವೆ. ಸಂಪೂರ್ಣ ದುರಸ್ತಿಯ ಖರ್ಚು ಅನೇಕ ವೇಳೆ ಮಾರಾಟದ ಬೆಲೆಯನ್ನೇ ಮೀರುತ್ತದೆ. ಲಾಭದ ಲೆಕ್ಕ ಹಾಕಿ ದುರಸ್ತಿಗೆ ಇಳಿಯುವುದು ವ್ಯರ್ಥ. ಕೇಳುವ ಸುಖಕ್ಕಾಗಿ, ಮನೆತನದ ನೆನಪಿಗಾಗಿ ಇಳಿಯುವುದಾದರೆ ಆ ಮಾತು ಬೇರೆ.

ಮಾರುವ ಉದ್ದೇಶವಿದ್ದರೆ ವಾದ್ಯವನ್ನು ಇದ್ದ ಸ್ಥಿತಿಯಲ್ಲಿಯೇ ಬಿಡುವುದು ಲೇಸು. ಕೆಟ್ಟ ದುರಸ್ತಿ ಕಂಡ ವಾದ್ಯಕ್ಕಿಂತ ಯಾರೂ ಮುಟ್ಟದ, ಮೂಕವಾದರೂ ಸಂಪೂರ್ಣವಾದ ವಾದ್ಯವನ್ನು ಸಂಗ್ರಹಕಾರರು ಮೆಚ್ಚುತ್ತಾರೆ. ವಿವರಣೆಯಲ್ಲಿ ಪ್ರಾಮಾಣಿಕತೆ ಇರಬೇಕು. ‘ನುಡಿಯುತ್ತದೆ’ ಮತ್ತು ‘ದುರಸ್ತಿಯಾಗಿದೆ’ ಎಂಬ ಎರಡು ಮಾತುಗಳ ನಡುವೆ ಅಜಗಜಾಂತರವಿದೆ. ಯಾವ ಭಾಗವನ್ನು, ಯಾವ ವರ್ಷ, ಯಾವ ಅಂಟಿನಿಂದ ಸರಿಪಡಿಸಲಾಗಿದೆ ಎಂದು ಬರೆದು ಕೊಡಬೇಕು. ಒಳಭಾಗದ ಛಾಯಾಚಿತ್ರಗಳು, ಒಂದೊಂದು ಗುಂಡಿಯ ನಾದವನ್ನೂ ಕೇಳಿಸುವ ವೀಡಿಯೊ, ಸುರುಳಿಗಳ ಪಟ್ಟಿ ಜೊತೆಗಿದ್ದರೆ ಕೊಳ್ಳುವವನ ನಂಬಿಕೆ ಹೆಚ್ಚುತ್ತದೆ. ಸುರುಳಿಗಳನ್ನು ಬೇರ್ಪಡಿಸಿ ಮಾರಿದರೆ ಎರಡಕ್ಕೂ ನಷ್ಟ.

ಬಿಡಿಭಾಗಗಳಾಗಿ ಮಾರುವುದು ಕೊನೆಯ ಉಪಾಯವಾಗಿರಲಿ. ಒಳಗಿನ ಯಂತ್ರವನ್ನು ಕಿತ್ತೆಸೆದು ಕೆತ್ತನೆಯ ಪೆಟ್ಟಿಗೆಯನ್ನು ಮೇಜು ಅಥವಾ ಕಪಾಟಾಗಿ ಬಳಸಿದ ಉದಾಹರಣೆಗಳು ಸಾಕಷ್ಟಿವೆ. ಹಾಗೆ ಹೋದ ಆರ್ಗನ್ ಮತ್ತೆ ನುಡಿಯುವುದಿಲ್ಲ. ಕೊಳ್ಳುವವರೇ ಸಿಗದಿದ್ದರೆ ಸ್ಥಳೀಯ ವಸ್ತುಸಂಗ್ರಹಾಲಯ ಅಥವಾ ಸಂಗ್ರಹಕಾರರ ಸಂಘವನ್ನು ಸಂಪರ್ಕಿಸಬಹುದು.

ದಂತ ಮತ್ತು ಕಾನೂನು

ಕೀಲಿಮಣೆಯ ಬಿಳಿ ಪಟ್ಟಿಗಳು ಹೆಚ್ಚಾಗಿ ಸೆಲ್ಯುಲಾಯ್ಡ್‌ನವು. ಕೆಲವು ದುಬಾರಿ ವಾದ್ಯಗಳಲ್ಲಿ ಆನೆಯ ದಂತವಿರಬಹುದು. ದಂತದಲ್ಲಿ ಮರದ ಎಳೆಗಳಂತಹ ಅನಿಯಮಿತ ಗೆರೆಗಳು ಕಾಣುತ್ತವೆ, ಒಂದೇ ಕೀ ಮೇಲೆ ಎರಡು ತುಂಡುಗಳನ್ನು ಕೂಡಿಸಿದ ಸಣ್ಣ ಗೆರೆಯೂ ಇರುತ್ತದೆ. ಬೆಂಕಿ ತಗುಲಿಸಿ ಪರೀಕ್ಷಿಸುವುದು ಅಪಾಯಕರ. ಸೆಲ್ಯುಲಾಯ್ಡ್ ಥಟ್ಟನೆ ಹೊತ್ತಿಕೊಳ್ಳುವ ವಸ್ತು.

ದಂತವಿದ್ದರೆ ಮಾರಾಟಕ್ಕೆ ಕಾನೂನಿನ ತೊಡಕಿದೆ. ಬ್ರಿಟನ್ನಿನಲ್ಲಿ 2022ರ ಜೂನ್‌ನಲ್ಲಿ ಜಾರಿಗೆ ಬಂದ 2018ರ ದಂತ ಕಾಯಿದೆಯ ಪ್ರಕಾರ, 1975ಕ್ಕಿಂತ ಮೊದಲು ತಯಾರಾದ ಮತ್ತು ಶೇ. 20ಕ್ಕಿಂತ ಕಡಿಮೆ ದಂತವಿರುವ ವಾದ್ಯಗಳನ್ನು ನೋಂದಾಯಿಸಿದ ಬಳಿಕವೇ ಮಾರಬಹುದು. ಅಮೆರಿಕದಲ್ಲಿ 2016ರ ಕೇಂದ್ರ ನಿಯಮದ ಜೊತೆಗೆ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಮುಂತಾದ ರಾಜ್ಯಗಳ ಪ್ರತ್ಯೇಕ ಕಾನೂನುಗಳಿವೆ. ಭಾರತದಲ್ಲಿ 1991ರ ತಿದ್ದುಪಡಿಯ ನಂತರ ಆಫ್ರಿಕಾದ ಆನೆಯ ದಂತದ ವ್ಯಾಪಾರವೂ ನಿಷಿದ್ಧ.

ಕರ್ನಾಟಕದ ಹಳೆಯ ಮನೆ ಅಥವಾ ಚರ್ಚುಗಳಲ್ಲಿ ವಿದೇಶಿ ಆರ್ಗನ್ ಇದ್ದರೆ ಮತ್ತೊಂದು ಅಂಶ ಗಮನಾರ್ಹ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮದಡಿ, ಐತಿಹಾಸಿಕ ಮಹತ್ವವುಳ್ಳ ನೂರು ವರ್ಷ ಮೀರಿದ ವಸ್ತು ಪ್ರಾಚೀನ ವಸ್ತು ಎನಿಸಬಹುದು. ಅಂತಹುದನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ಸಂದೇಹವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯನ್ನು ವಿಚಾರಿಸುವುದು ಕ್ಷೇಮ.

ಇವು ಗಮನದಲ್ಲಿರಲಿ

* ಒಳಗೆ ನೋಡುವ ಮೊದಲು ತುಳಿಯಬೇಡಿ. ನೋಡಿದ ಮೇಲೂ ಮೆಲ್ಲಗೆ ತುಳಿಯಿರಿ.
* ಹೆಸರು, ಮಾದರಿ, ಕ್ರಮಸಂಖ್ಯೆ ತಿಳಿಯುವವರೆಗೆ ದುರಸ್ತಿಯೂ ಬೇಡ, ಮಾರಾಟವೂ ಬೇಡ.
* ಬಿಳಿ ಅಂಟು, ಸಿಲಿಕಾನ್, ಅಂಟುಪಟ್ಟಿಗಳನ್ನು ಬಳಸಬೇಡಿ.
* ರೀಡ್‌ಗಳ ಕ್ರಮ ತಪ್ಪಿಸಬೇಡಿ, ಅನಗತ್ಯವಾಗಿ ಕೆರೆಯಬೇಡಿ.
* ತೆಗೆದ ಹಳೆಯ ಭಾಗಗಳನ್ನು ಎಸೆಯದೆ ವಾದ್ಯದ ಜೊತೆಗೇ ಇಡಿ.
* ಸಾಗಿಸುವಾಗ ಸುರುಳಿಯನ್ನು ಹೊರತೆಗೆಯಿರಿ, ವಾದ್ಯವನ್ನು ನೇರವಾಗಿಯೇ ನಿಲ್ಲಿಸಿ. ಕೆತ್ತನೆಯ ಭಾಗಗಳನ್ನು ಹಿಡಿದು ಎತ್ತಬೇಡಿ.
* ಬಿಸಿಲು, ತೇವದ ಗೋಡೆ, ಗೆದ್ದಲಿನಿಂದ ದೂರವಿಡಿ.

ಇಂದು ದುರಸ್ತಿಗೆ ಹಣವಿಲ್ಲದಿದ್ದರೂ ಚಿಂತೆಯಿಲ್ಲ. ಒಣ ಜಾಗದಲ್ಲಿ, ಬಿಡಿಭಾಗಗಳೆಲ್ಲ ಜೊತೆಗಿರುವಂತೆ ಮುಚ್ಚಿಟ್ಟ ಆರ್ಗನ್ ಇನ್ನಷ್ಟು ವರ್ಷ ಕಾಯಬಲ್ಲದು. ಬಲ್ಲವರ ಕೈಗೆ ಸಿಕ್ಕ ದಿನ ಅದು ಮತ್ತೆ ನುಡಿದೀತು.